ಟೆಂಪ್ಟೇಷನ್ಸ್ ತಂಡದ ನಾಲ್ಕು ಎಲ್‌ಪಿ: ಹೆಸರು ಒಂದೇ, ಕೊರಳು ಬೇರೆ ಬೇರೆ

ಕವರಿನ ಮೇಲೆ ‘ದಿ ಟೆಂಪ್ಟೇಷನ್ಸ್’ ಅಂತ ಇದ್ದ ಮಾತ್ರಕ್ಕೆ ನಿಮಗೆ ಬೇಕಾದ ಕೊರಳು ಒಳಗಿನ ಪ್ಲೇಟಿನಲ್ಲಿ ಇದ್ದೇ ಇರುತ್ತದೆ ಅಂತ ದುಡ್ಡು ಎಣಿಸಿ ಕೊಡಬೇಡಿ. ಡೆಟ್ರಾಯಿಟಿನ ಈ ಸೋಲ್ (ಅಮೆರಿಕದ ಕಪ್ಪು ಜನರ ಒಂದು ಗಾಯನ ಶೈಲಿ) ಗಾಯಕರ ತಂಡ 1961ರಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿಗೆ ಸೇರುವಾಗ ಇಟ್ಟುಕೊಂಡ ಹೆಸರು ಇವತ್ತಿಗೂ ಅದೇ. ಹಾಡುವವರು ಮಾತ್ರ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದು ಹೋಗಿದ್ದಾರೆ. ಹೀಗಾಗಿ ಕೊಳ್ಳುವಾಗ ಮೊದಲು ನೋಡಬೇಕಾದ್ದು ಹೆಸರಲ್ಲ, ಫೋಟೊ ಅಲ್ಲ, ಇಸವಿ. ಇಸವಿ ಗೊತ್ತಾದರೆ ಮುಂದೆ ನಿಂತು ಹಾಡಿದವರು ಯಾರು, ಮೇಲಿನ ಸ್ವರ ಹಿಡಿದವರು ಯಾರು ಅಂತ ಪ್ಲೇಟು ಹಚ್ಚುವ ಮೊದಲೇ ಹೇಳಬಹುದು.

ಮುಂದೆ ನಿಂತು ಹಾಡಿದ ಇಬ್ಬರ ಹೆಸರಿನಲ್ಲಿ ತಂಡದ ಅಭಿಮಾನಿಗಳಲ್ಲಿ ಎರಡು ಪಕ್ಷ. ‘ಡೇವಿಡ್ ರಫಿನ್ ಹೋದ, ಅಲ್ಲಿಗೆ ಟೆಂಪ್ಟೇಷನ್ಸ್ ಮುಗೀತು’ ಅನ್ನುವುದು ಒಂದು. ‘ಡೆನ್ನಿಸ್ ಎಡ್ವರ್ಡ್ಸ್ ಬಂದ ಮೇಲೇ ಖರೇ ಆಟ ಸುರು ಆತು’ ಅನ್ನುವುದು ಇನ್ನೊಂದು. ಹುಬ್ಬಳ್ಳಿ-ಧಾರವಾಡದ ಕಿವಿಗೆ ಈ ವಾದ ಹೊಸದೇನಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಒಂದೇ ಕೊರಳಲ್ಲಿ ಹಾಡಲಿಲ್ಲ. ಅದಕ್ಕೆ ಯಾರೂ ಕಿರಾಣಾ ಘರಾಣೆ ಮುಗಿಯಿತು ಅನ್ನಲಿಲ್ಲ. ದನಿ ಬೇರೆ, ಗಾಯಕಿ (ಹಾಡುವ ಶೈಲಿ) ಬೇರೆ ಅನ್ನುವ ವಿವೇಕ ನಮ್ಮ ಕಡೆಯ ಕೇಳುಗರಿಗೆ ಮೊದಲಿನಿಂದಲೂ ಇದೆ. ಈ ತಂಡವನ್ನು ಕೇಳುವಾಗಲೂ ಅದನ್ನೇ ಬಳಸಬೇಕು.

ಇಲ್ಲಿ ತೂಗಿ ನೋಡಿದ್ದು ನಾಲ್ಕು ಎಲ್‌ಪಿ: 1966ರ ‘ಗ್ರೇಟೆಸ್ಟ್ ಹಿಟ್ಸ್’, 1969ರ ‘ಕ್ಲೌಡ್ ನೈನ್’, 1972ರ ‘ಆಲ್ ಡೈರೆಕ್ಷನ್ಸ್’, 1982ರ ‘ರಿಯೂನಿಯನ್’. ನಾಲ್ಕರಲ್ಲಿ ಯಾವ ಎರಡರಲ್ಲೂ ಹಾಡಿದ ಮಂದಿ ಪೂರ್ತಿ ಅವರೇ ಅಲ್ಲ. ಓಟಿಸ್ ವಿಲಿಯಮ್ಸ್ ಮತ್ತು ಮೆಲ್ವಿನ್ ಫ್ರಾಂಕ್ಲಿನ್ ಇಬ್ಬರೇ ನಾಲ್ಕರಲ್ಲೂ ಇದ್ದಾರೆ. ಇದನ್ನು ನೆನಪಿನಲ್ಲಿಡಿ, ವಾದದ ಕೀಲಿ ಇದರಲ್ಲೇ ಇದೆ.

ಮೊದಲು ‘ಗ್ರೇಟೆಸ್ಟ್ ಹಿಟ್ಸ್’. ಅಮೆರಿಕದ ಪ್ರತಿಯಲ್ಲಿ 12 ಹಾಡು. ಅಭಿಮಾನಿಗಳು ‘ಕ್ಲಾಸಿಕ್ ಫೈವ್’ ಅಂತ ಕರೆಯುವ ಐವರು ಹಾಡಿದ್ದು: ಎಡ್ಡಿ ಕೆಂಡ್ರಿಕ್ಸ್, ಡೇವಿಡ್ ರಫಿನ್, ಪಾಲ್ ವಿಲಿಯಮ್ಸ್, ಓಟಿಸ್ ವಿಲಿಯಮ್ಸ್, ಮೆಲ್ವಿನ್ ಫ್ರಾಂಕ್ಲಿನ್. ಹಾಗಂತ ಇವರೇ ಮೂಲದ ಐವರು ಅನ್ನುವುದು ತಪ್ಪು. ಸುರುವಿನಲ್ಲಿ ರಫಿನ್ ಜಾಗದಲ್ಲಿ ಎಲ್ಬ್ರಿಜ್ ಬ್ರಯಂಟ್ ಇದ್ದ. ಅವನನ್ನು ಬಿಟ್ಟು 1964ರ ಜನವರಿಯಲ್ಲಿ ರಫಿನ್‌ನನ್ನು ತೆಗೆದುಕೊಂಡರು. ‘ಅಸಲಿ ತಂಡ’ ಅಂತ ಎದೆ ತಟ್ಟಿಕೊಳ್ಳುವ ರಫಿನ್ ಪಕ್ಷದವರು ಇದನ್ನು ಮರೆಯುತ್ತಾರೆ: ಅವರ ನಾಯಕನೇ ಬದಲಿಯಾಗಿ ಬಂದವನು.

ಈ 12 ಹಾಡಿನಲ್ಲಿ ಮುಂದಿನ ದನಿ ಯಾರದು ಅಂತ ಎಣಿಸಿದರೆ ಇನ್ನೊಂದು ತಪ್ಪು ತಿಳಿವಳಿಕೆ ಹೋಗುತ್ತದೆ. ರಫಿನ್‌ದು ಆರು, ಕೆಂಡ್ರಿಕ್ಸ್‌ನದು ಐದು, ಪಾಲ್ ವಿಲಿಯಮ್ಸ್‌ನದು ಒಂದು. ಅಂದರೆ ತಂಡದ ಮೊದಲ ಹೆಸರಾದ ಹಾಡುಗಳಲ್ಲಿ ಸುಮಾರು ಅರ್ಧ ಕೆಂಡ್ರಿಕ್ಸ್‌ನವು. ‘ದಿ ವೇ ಯೂ ಡೂ ದಿ ಥಿಂಗ್ಸ್ ಯೂ ಡೂ’, ‘ಗೆಟ್ ರೆಡಿ’ ಎರಡೂ ಅವನವೇ. ಅವನದು ಫಾಲ್ಸೆಟೊ. ಹಿಂದೂಸ್ತಾನಿ ಕಲಿತವರು ಇದನ್ನು ಕಳ್ಳದನಿ ಅಂತ ತಳ್ಳಿಬಿಡುತ್ತಾರೆ. ನಮ್ಮ ಕಡೆ ಹೊಸದಾಗಿ ಕೇಳುವವರು ಎಡವುವುದು ಇಲ್ಲೇ. ಸ್ವಲ್ಪ ತಾಳಬೇಕು. ನಮ್ಮಲ್ಲಿ ಕಳ್ಳದನಿ ಬೇಡ ಅನ್ನುವುದಕ್ಕೆ ಕಾರಣ, ತಾರ ಸ್ಥಾಯಿಗೆ ಹೋಗುವಾಗ ದನಿ ಒಡೆದು ಬೇರೆಯಾಗಿ ಕೇಳುತ್ತದೆ, ಆಸ್ (ಸ್ವರದಿಂದ ಸ್ವರಕ್ಕೆ ಉಳಿಯುವ ಗುಂಗು) ಕಡಿಯುತ್ತದೆ. ಕೆಂಡ್ರಿಕ್ಸ್ ಕೆಳಗಿನಿಂದ ಮೇಲಕ್ಕೆ ಹತ್ತುವ ಗೋಜಿಗೆ ಹೆಚ್ಚು ಹೋಗುವುದೇ ಇಲ್ಲ, ಮನೆ ಮಾಡಿಕೊಂಡದ್ದೇ ಮೇಲೆ. ಹಾಗಾಗಿ ಒಡಕು ಕಾಣುವುದಿಲ್ಲ. ಗಂಗೂಬಾಯಿಯವರ ಗಂಭೀರ ಗಂಡುದನಿಯನ್ನು ತಲೆಯ ಮೇಲೆ ಹೊತ್ತು ಮೆರೆಸಿದ ಹುಬ್ಬಳ್ಳಿಯವರು, ಗಂಡಸು ಹೆಣ್ಣಿನ ಸ್ಥಾಯಿಯಲ್ಲಿ ಹಾಡಿದರೆ ಮುಖ ತಿರುಗಿಸಬಾರದು.

ರಫಿನ್‌ದು ಬೇರೆ ಲೋಕ. ಜೋಳದ ರೊಟ್ಟಿಯ ಮೇಲ್ಮೈಯಂಥ ದನಿ, ಒರಟು, ಅಲ್ಲಲ್ಲಿ ಸುಟ್ಟದ್ದು. ‘ಏಂಟ್ ಟೂ ಪ್ರೌಡ್ ಟು ಬೆಗ್’ ಹಾಡಿನಲ್ಲಿ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಅವನ ದನಿಯನ್ನು ಆರಾಮಿನ ಜಾಗಕ್ಕಿಂತ ಮೇಲೆ ಎಳೆದಿದ್ದಾನೆ. ಕೊರಳು ಹರಿಯುತ್ತದೇನೋ ಅನ್ನುವ ಭಯ ಹಾಡಿನುದ್ದಕ್ಕೂ ಇರುವುದು ಅದಕ್ಕೇ. 1966ರಲ್ಲಿ ಸ್ಮೋಕಿ ರಾಬಿನ್ಸನ್ ಮಾಡಿಸಿದ ‘ಗೆಟ್ ರೆಡಿ’ ಪಾಪ್ ಪಟ್ಟಿಯಲ್ಲಿ 29ಕ್ಕೆ ನಿಂತಿತು. ವಿಟ್‌ಫೀಲ್ಡ್ ಮಾಡಿಸಿದ ಈ ಹಾಡು 13ಕ್ಕೆ ಏರಿತು. ತಂಡದ ಹಾಡು ಮಾಡಿಸುವ ಜವಾಬ್ದಾರಿ ವಿಟ್‌ಫೀಲ್ಡ್ ಕೈಗೆ ಹೋಯಿತು. ಹಾಡುವವರ ಬದಲಾವಣೆಯ ಬಗ್ಗೆಯೇ ಜಗಳಾಡುವವರು ಈ ಬದಲಾವಣೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಪ್ರಕಾರ ತಂಡದ ದಾರಿ ಹೊರಳಿದ್ದು ರಫಿನ್ ಹೋದ 1968ರಲ್ಲಿ ಅಲ್ಲ, ಈ 1966ರಲ್ಲಿ.

‘ಮೈ ಗರ್ಲ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1964ರ ಕೊನೆಗೆ ಬಂದು 1965ರ ಮಾರ್ಚಿನಲ್ಲಿ ಒಂದನೇ ಸ್ಥಾನಕ್ಕೆ ಏರಿದ ಹಾಡು. ಬರೆದವರು ಸ್ಮೋಕಿ ರಾಬಿನ್ಸನ್ ಮತ್ತು ರೊನಾಲ್ಡ್ ವೈಟ್. ಜೇಮ್ಸ್ ಜೇಮರ್ಸನ್‌ನ ಬಾಸ್ ಗಿಟಾರು ಸುರು ಮಾಡುತ್ತದೆ, ಮೇಲೆ ರಾಬರ್ಟ್ ವೈಟ್‌ನ ಗಿಟಾರು ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮನೆಯಲ್ಲಿ ಪೇಟಿ ಇದ್ದರೆ ಬಿಳಿ ಒಂದನ್ನು (ಪಾಶ್ಚಾತ್ಯರ ‘ಸಿ’ ಸ್ವರ) ಷಡ್ಜ ಮಾಡಿಕೊಂಡು ಬಾರಿಸಿ ನೋಡಿ: ಸಾ ರೇ ಗಾ ಪಾ ಧಾ ಸಾ. ಭೂಪದ ಆರೋಹ, ಒಂದು ಸ್ವರ ಹೆಚ್ಚಿಲ್ಲ, ಕಡಿಮೆ ಇಲ್ಲ. ಮುಂದಿನ ಪಾಳಿಗೆ ಅದೇ ಏಣಿ ಮಧ್ಯಮವನ್ನು ಷಡ್ಜ ಮಾಡಿಕೊಂಡು ಮತ್ತೆ ಹತ್ತುತ್ತದೆ. ಹಾಡಿನ ನಡುವೆ ಪಿಟೀಲುಗಳು ಬಂದು ಹೋದ ಮೇಲೆ ಇಡೀ ಹಾಡು ಬಿಳಿ ಒಂದರಿಂದ ಬಿಳಿ ಎರಡಕ್ಕೆ ಏರುತ್ತದೆ. ಏರುವ ಆ ಹೊತ್ತಿನಲ್ಲಿ ರಫಿನ್‌ನನ್ನು ಬಿಟ್ಟು ಹಿಂದಿನ ನಾಲ್ವರನ್ನು ಕೇಳಿ. ಗೀಗೀ ಮೇಳದಲ್ಲಿ ಮುಂದಿನವನು ಸೊಲ್ಲು ಬಿಟ್ಟಲ್ಲಿ ಹಿಮ್ಮೇಳ ಎತ್ತಿಕೊಳ್ಳುತ್ತದಲ್ಲ, ಹಾಗೆ ಒಬ್ಬನ ಹೆಗಲ ಮೇಲೆ ಒಬ್ಬ ಸ್ವರ ಇಡುತ್ತಾರೆ. ಕೆಳಗೆ ಮೆಲ್ವಿನ್‌ನ ಖರಜ, ಮೇಲೆ ಕೆಂಡ್ರಿಕ್ಸ್.

ಈ ಹಾಡನ್ನು ಪೇಟಿಯ ಜೊತೆ ಹೊಂದಿಸಿ ನೋಡಿ ಅಂದಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ಪ್ಲೇಯರಿನ ವೇಗ ಸರಿ ಇದೆಯೋ ಇಲ್ಲವೋ ಅಂತ ಇದರಿಂದಲೇ ಗೊತ್ತಾಗುತ್ತದೆ. ಅಮೆರಿಕದಿಂದ ತಂದ ಹಳೆಯ ಪ್ಲೇಯರುಗಳಲ್ಲಿ 60 ಹರ್ಟ್ಜ್ ಕರೆಂಟಿಗೆ ಮಾಡಿದ ಎಸಿ ಮೋಟರು ಇರುತ್ತದೆ. ನಮ್ಮದು 50 ಹರ್ಟ್ಜ್. ಬಹಳ ಮಂದಿ 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದರಿಂದ ಮೋಟರು ಸುಡುವುದು ತಪ್ಪುತ್ತದೆ, ವೇಗ ಸರಿಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಬದಲಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 28ಕ್ಕಿಂತ ಕಡಿಮೆ ತಿರುಗುತ್ತದೆ. ಮೂರು ನಿಮಿಷದ ಹಾಡು 3 ನಿಮಿಷ 36 ಸೆಕೆಂಡಿಗೆ ಎಳೆಯುತ್ತದೆ, ಬಿಳಿ ಒಂದರ ಹಾಡು ಬಿಳಿ ಆರಕ್ಕೂ ತುಸು ಕೆಳಗೆ ಕುಸಿಯುತ್ತದೆ. ಆಗ ರಫಿನ್‌ನ ದನಿ ಪಾಲ್ ವಿಲಿಯಮ್ಸ್‌ನ ದಪ್ಪ ದನಿಯ ಹಾಗೆ ಕೇಳುತ್ತದೆ, ಕೆಂಡ್ರಿಕ್ಸ್ ಯಾರೋ ಸಾಧಾರಣ ಗಂಡಸಾಗುತ್ತಾನೆ. ಇಂಥ ಪ್ಲೇಯರಿನಲ್ಲಿ ಕೇಳಿ ‘ಇದರಲ್ಲಿ ಹಾಡಿದ್ದು ಇವನಲ್ಲ’ ಅಂತ ಪಣ ಕಟ್ಟಿದರೆ ಸೋಲು ಖಂಡಿತ.

ಪರೀಕ್ಷೆ ಸುಲಭ. ತಿರುಗುವ ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಮೊಬೈಲಿನಲ್ಲಿ ಮೂರು ನಿಮಿಷ ಹಚ್ಚಿ, ಸುತ್ತು ಎಣಿಸಿ. ಸರಿಯಾಗಿ 100 ಬರಬೇಕು. 99 ಬಂದರೆ ಕಿವಿಗೆ ತೀರ ಅಡ್ಡಿಯಿಲ್ಲ. 96, 97 ಬಂದರೆ ಬೆಲ್ಟು ಸಡಿಲಾಗಿದೆ ಅಥವಾ ನಡುವಿನ ಬೇರಿಂಗಿಗೆ ಎಣ್ಣೆ ಒಣಗಿದೆ. 83ರ ಆಸುಪಾಸು ಬಂದರೆ ಅದು ಹರ್ಟ್ಜಿನ ತೊಂದರೆಯೇ. 50 ಹರ್ಟ್ಜಿಗೆ ಸರಿಹೊಂದುವ ಮೋಟರ್ ಪುಲ್ಲಿ ಹಾಕಿಸಬೇಕು. ಡಿಸಿ ಮೋಟರಿನ ಪ್ಲೇಯರುಗಳಿಗೆ ಈ ರೋಗವಿಲ್ಲ.

‘ಗ್ರೇಟೆಸ್ಟ್ ಹಿಟ್ಸ್’ ಮೊನೊ (ಎಲ್ಲ ದನಿ ಒಂದೇ ದಾರಿಯಲ್ಲಿ), ಸ್ಟೀರಿಯೊ (ಎಡ, ಬಲ ಬೇರೆ ಬೇರೆ) ಎರಡರಲ್ಲೂ ಬಂದಿದೆ. ಆ ಕಾಲದಲ್ಲಿ ಮೋಟೌನ್‌ನವರು ಜೀವ ಸುರಿದು ಕೂಡಿಸಿದ್ದು ರೇಡಿಯೊಗೆ, ಒಂದೊಂದೇ ಹಾಡಿನ 45ರ ಸಣ್ಣ ಪ್ಲೇಟಿಗೆ ಹೋಗುವ ಮೊನೊವನ್ನು. ಹಾಡಿನ ಹೊಡೆತ ಬೇಕಾದರೆ ಮೊನೊ ತೆಗೆದುಕೊಳ್ಳಿ. ಯಾರ ದನಿ ಯಾವುದು ಅಂತ ಕಲಿಯುವುದಿದ್ದರೆ ಸ್ಟೀರಿಯೊ ಒಳ್ಳೆಯದು: ಬ್ಯಾಲೆನ್ಸ್ ಗುಂಡಿಯನ್ನು ಒಮ್ಮೆ ಪೂರಾ ಎಡಕ್ಕೆ, ಒಮ್ಮೆ ಪೂರಾ ಬಲಕ್ಕೆ ತಿರುಗಿಸಿದರೆ ಕೆಲವು ಹಾಡುಗಳಲ್ಲಿ ಹಿಮ್ಮೇಳ ಬಿಡಿಯಾಗಿ ಸಿಗುತ್ತದೆ. ಈ ಪ್ಲೇಟಿನ ಒಂದೇ ಕೊರತೆ ಇಸವಿಯದು. 1966ರ ನವೆಂಬರಿನಲ್ಲಿ ಬಂದದ್ದರಿಂದ ರಫಿನ್‌ನ ದೊಡ್ಡ ಹಾಡುಗಳಲ್ಲಿ ಒಂದಾದ ‘ಐ ವಿಶ್ ಇಟ್ ವುಡ್ ರೇನ್’ ಇದರಲ್ಲಿಲ್ಲ. ಅದು 1967ರ ಡಿಸೆಂಬರಿನದು. 1970ರ ‘ಗ್ರೇಟೆಸ್ಟ್ ಹಿಟ್ಸ್’ ಎರಡನೇ ಭಾಗದಲ್ಲಿ ಸಿಗುತ್ತದೆ, ಆದರೆ ಆ ಪ್ಲೇಟಿನಲ್ಲಿ ರಫಿನ್, ಎಡ್ವರ್ಡ್ಸ್ ಇಬ್ಬರೂ ಬೆರೆತಿದ್ದಾರೆ. ಹೊಸಬರು ಗೊಂದಲಕ್ಕೆ ಬೀಳುವುದು ಹೆಚ್ಚಾಗಿ ಆ ಪ್ಲೇಟಿನಿಂದಲೇ. ಐದಕ್ಕೆ ಐದು ಅಂಕ ಕೊಡಬಹುದಾದ್ದು ಮೊದಲ ಭಾಗಕ್ಕೇ.

1968ರ ಜೂನಿನಲ್ಲಿ ರಫಿನ್‌ನನ್ನು ತಂಡದಿಂದ ತೆಗೆದರು. ಕಾರಣ ಹಾಡಿನದಲ್ಲ. ಡಯಾನಾ ರಾಸ್ ಹೆಸರು ಸುಪ್ರೀಮ್ಸ್ ತಂಡದ ಹೆಸರಿನ ಮುಂದೆ ಬಂದ ಹಾಗೆ ತನ್ನ ಹೆಸರೂ ಮುಂದೆ ಬರಬೇಕು ಅಂದ. ಬೇರೆ ಕಾರಿನಲ್ಲಿ ಓಡಾಡಿದ. ಕೊನೆಗೆ ಕ್ಲೀವ್‌ಲ್ಯಾಂಡಿನ ಒಂದು ಕಾರ್ಯಕ್ರಮಕ್ಕೆ ಬರಲೇ ಇಲ್ಲ. ಅವನ ಜಾಗಕ್ಕೆ ಕಾಂಟೂರ್ಸ್ ತಂಡದಲ್ಲಿದ್ದ ಡೆನ್ನಿಸ್ ಎಡ್ವರ್ಡ್ಸ್ ಬಂದ. ಆಮೇಲೂ ರಫಿನ್ ಎಡ್ವರ್ಡ್ಸ್ ಹಾಡುವಾಗ ವೇದಿಕೆ ಹತ್ತಿ ಮೈಕು ಕಸಿದುಕೊಂಡು ತನ್ನ ಹಾಡು ಹಾಡಿ ಹೋಗುತ್ತಿದ್ದ, ಜನ ಚಪ್ಪಾಳೆ ಹೊಡೆಯುತ್ತಿದ್ದರು. ಕಂಪನಿ ನಾಟಕ ನೋಡಿದವರಿಗೆ ಈ ಸಂಕಟ ಹೇಳಿ ತಿಳಿಸಬೇಕಾಗಿಲ್ಲ. ಮುಖ್ಯ ಪಾತ್ರಧಾರಿ ಬಿಟ್ಟು ಹೋದ ಮರುದಿನವೂ ಪರದೆ ಏಳಬೇಕು, ಬದಲಿ ನಟ ಹಿಂದಿನವನ ಮಾತನ್ನೇ ಆಡಬೇಕು, ಆದರೆ ಹಿಂದಿನವನಂತೆ ಆಡಿದರೆ ನಕಲಿ ಅಂತಾರೆ.

ಎಡ್ವರ್ಡ್ಸ್ ನಕಲಿ ಮಾಡಲಿಲ್ಲ ಅನ್ನುವುದಕ್ಕೆ ಸಾಕ್ಷಿ ‘ಕ್ಲೌಡ್ ನೈನ್’. ರಫಿನ್‌ದು ಬೇಡುವ ದನಿ, ಎಡ್ವರ್ಡ್ಸ್‌ನದು ಸಾರುವ ದನಿ. ಚರ್ಚಿನ ಹಾಡಿನಿಂದ ಬಂದವನು, ಎದೆಯಿಂದ ಎತ್ತುತ್ತಾನೆ. ವಿಟ್‌ಫೀಲ್ಡ್ ಇದನ್ನು ಗುರುತಿಸಿ ಹಾಡಿನ ಕಟ್ಟೋಣವನ್ನೇ ಬದಲಿಸಿದ. ಡೆನ್ನಿಸ್ ಕಾಫಿಯ ವಾ-ವಾ ಗಿಟಾರು (ಪೆಡಲ್ ಒತ್ತಿ ‘ವಾ-ವಾ’ ಅನ್ನಿಸುವಂಥದ್ದು) ಬಂತು, ಒಬ್ಬನೇ ಮುಂದೆ ನಿಲ್ಲುವುದು ಹೋಗಿ ಐವರೂ ಸಾಲು ಹಂಚಿಕೊಳ್ಳುವ ಪದ್ಧತಿ ಬಂತು. ಶೀರ್ಷಿಕೆಯ ಹಾಡು ಮೋಟೌನ್ ಕಂಪನಿಗೆ ಮೊದಲ ಗ್ರ್ಯಾಮಿ ತಂದಿತು. ಇದೇ ಪ್ಲೇಟಿನ ‘ರನ್‌ಅವೇ ಚೈಲ್ಡ್, ರನ್ನಿಂಗ್ ವೈಲ್ಡ್’ 9 ನಿಮಿಷ ಮಿಕ್ಕಿ ಇದೆ. ಉಳಿದದ್ದು ಹಳೆಯ ಜಾಡಿನದೇ, ಎರಡನೇ ಮಗ್ಗುಲು ಸಪ್ಪೆ. ಮೂರೂವರೆ ಅಂಕ. ಸಾಲು ಹಂಚಿಕೊಳ್ಳುವ ಚಂದ ಪೂರ್ತಿ ತಿಳಿಯಬೇಕಾದರೆ ಅದೇ ವರ್ಷದ ‘ಪಜಲ್ ಪೀಪಲ್’ ಎಲ್‌ಪಿಯ ‘ಐ ಕಾಂಟ್ ಗೆಟ್ ನೆಕ್ಸ್ಟ್ ಟು ಯೂ’ ಕೇಳಬೇಕು. ಐದು ಕೊರಳೂ ಒಂದರ ಹಿಂದೆ ಒಂದು ಬರುತ್ತವೆ. ಯಾರು ಯಾರು ಅಂತ ಗುರುತಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಮೊದಲ ಸಲ ಬರೀ ಮೆಲ್ವಿನ್‌ನ ಮಂದ್ರವನ್ನು ಹಿಡಿಯಿರಿ, ಎರಡನೇ ಸಲ ಕೆಂಡ್ರಿಕ್ಸ್‌ನ ಮೇಲಿನದನ್ನು, ಮೂರನೇ ಸಲ ಎಡ್ವರ್ಡ್ಸ್‌ನನ್ನು. ಉಳಿದ ಇಬ್ಬರು ವಿಲಿಯಮ್ಸ್‌ರು ತಾವಾಗೇ ಬೇರೆಯಾಗುತ್ತಾರೆ.

ಆಮೇಲಿನ ಬದಲಾವಣೆಗಳು ರಫಿನ್‌ನದಕ್ಕಿಂತ ಆಳದವು, ಆದರೆ ವಾದಗಳಲ್ಲಿ ಅವುಗಳ ಹೆಸರೇ ಏಳುವುದಿಲ್ಲ. ಪಾಲ್ ವಿಲಿಯಮ್ಸ್‌ಗೆ ಸಿಕಲ್ ಸೆಲ್ ರಕ್ತದ ಕಾಯಿಲೆ, ಮೇಲೆ ಕುಡಿತ. ವೇದಿಕೆಯ ಮೇಲೆ ನಿಲ್ಲುತ್ತಿದ್ದ, ಕುಣಿಯುತ್ತಿದ್ದ. ದನಿ ಮಾತ್ರ ಪರದೆಯ ಹಿಂದೆ ನಿಂತ ರಿಚರ್ಡ್ ಸ್ಟ್ರೀಟ್‌ನದು. ಅಂದರೆ ಜನ ಕಣ್ಣಿನಿಂದ ನೋಡುತ್ತಿದ್ದ ತಂಡ ಒಂದು, ಕಿವಿಯಿಂದ ಕೇಳುತ್ತಿದ್ದ ತಂಡ ಇನ್ನೊಂದು. 1971ರಲ್ಲಿ ಪಾಲ್ ಪೂರ್ತಿ ಬಿಟ್ಟ, ಸ್ಟ್ರೀಟ್ ಪರದೆಯಿಂದ ಮುಂದೆ ಬಂದ. ಪಾಲ್ 1973ರ ಆಗಸ್ಟಿನಲ್ಲಿ ತೀರಿಕೊಂಡ. ಕೆಂಡ್ರಿಕ್ಸ್ ಕೂಡ 1971ರಲ್ಲೇ ಹೊರಟ. ಅವನು ಹಾಡಿದ ‘ಜಸ್ಟ್ ಮೈ ಇಮ್ಯಾಜಿನೇಷನ್’ ಆ ಏಪ್ರಿಲಿನಲ್ಲಿ ಒಂದನೇ ಸ್ಥಾನಕ್ಕೆ ಬರುವ ಹೊತ್ತಿಗೆ ಹಾಡಿದವನೇ ತಂಡದಲ್ಲಿರಲಿಲ್ಲ. ಅವನು, ಪಾಲ್ ಇಬ್ಬರೂ ಇರುವ ಕೊನೆಯ ಸಿಂಗಲ್ (ಒಂದೇ ಹಾಡಿಗಾಗಿ ಬಿಡುವ ಸಣ್ಣ ಪ್ಲೇಟು) ಅದು. ಕೇಳುವಾಗ ಗಂಟಲು ಕಟ್ಟುತ್ತದೆ.

ಕೆಂಡ್ರಿಕ್ಸ್ ಜಾಗಕ್ಕೆ ಸ್ವಲ್ಪ ದಿನ ರಿಕಿ ಓವೆನ್ಸ್ ಇದ್ದ, ನಂತರ ಬಾಲ್ಟಿಮೋರಿನ ಇಪ್ಪತ್ತು ದಾಟಿದ ಹುಡುಗ ಡೇಮನ್ ಹ್ಯಾರಿಸ್ ಬಂದ. ಕೆಂಡ್ರಿಕ್ಸ್‌ನನ್ನು ಕೇಳಿ ಕೇಳಿಯೇ ಕೊರಳು ತಿದ್ದಿಕೊಂಡವನು, ಟೆಂಪ್ಟೇಷನ್ಸ್ ತಂಡವನ್ನೇ ಮಾದರಿ ಮಾಡಿಕೊಂಡ ಹುಡುಗರ ತಂಡದಲ್ಲಿ ಹಾಡಿದ್ದವನು. ಅಭಿಮಾನಿಯೇ ಆ ಜಾಗಕ್ಕೆ ಬಂದು ನಿಂತ. ಸ್ಟ್ರೀಟ್, ಹ್ಯಾರಿಸ್ ಇಬ್ಬರನ್ನೂ ಕೂಡಿಸಿಕೊಂಡು ಮಾಡಿದ್ದು ‘ಆಲ್ ಡೈರೆಕ್ಷನ್ಸ್’.

ಈ ಪ್ಲೇಟು ಕೊಳ್ಳುವುದು ಒಂದೇ ಹಾಡಿಗೆ ಅಂದರೂ ತಪ್ಪಿಲ್ಲ: ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’. ಎಲ್‌ಪಿಯಲ್ಲಿ ಹನ್ನೆರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಸಿಂಗಲ್ಲಿನಲ್ಲಿ ಏಳು ನಿಮಿಷದೊಳಗೆ ಕತ್ತರಿಸಿದ್ದಾರೆ. ಅದೇ ವರ್ಷ ಮೊದಲು ಅನ್‌ಡಿಸ್ಪ್ಯೂಟೆಡ್ ಟ್ರೂತ್ ತಂಡದಿಂದ ಹಾಡಿಸಿದ್ದನ್ನೇ ವಿಟ್‌ಫೀಲ್ಡ್ ಇವರಿಂದ ಮತ್ತೆ ಹಾಡಿಸಿದ. ಸುಮಾರು ನಾಲ್ಕು ನಿಮಿಷ ಯಾರೂ ಬಾಯಿ ತೆರೆಯುವುದಿಲ್ಲ. ಕರಿ ಐದರಲ್ಲಿ ಬಾಸ್ ಗಿಟಾರಿನ ಮೂರು-ನಾಲ್ಕು ಸ್ವರದ ತುಣುಕು, ಸಿಂಬಲ್ಲಿನ ಮೇಲೆ ಬಿಡದ ತಾಳ, ನಡುನಡುವೆ ತುತ್ತೂರಿ, ಪಿಟೀಲು, ವಾ-ವಾ ಗಿಟಾರು. ವಿಲಂಬಿತ ಖಯಾಲಿನಲ್ಲಿ ಬಂದಿಶಿನ ಮೊದಲಿನ ಆಲಾಪ ಕೇಳುವ ಸಹನೆ ಇದ್ದವರಿಗೆ ಇದು ದೊಡ್ಡದೇನಲ್ಲ. ಅಮೆರಿಕದ ಪಾಪ್ ಕೇಳುಗರಿಗೆ ಮಾತ್ರ ಅಂದು ದೊಡ್ಡ ಧೈರ್ಯವೇ. ಆಮೇಲೆ ಎಡ್ವರ್ಡ್ಸ್ ಬರುತ್ತಾನೆ, ಕೂಗದೆ, ತಗ್ಗಿನಲ್ಲಿ. ತಂದೆಯ ಬಗ್ಗೆ ತಾಯಿಯನ್ನು ಕೇಳುವ ಮಕ್ಕಳ ಮಾತನ್ನು ಮುಂದೆ ಸ್ಟ್ರೀಟ್, ಮೆಲ್ವಿನ್, ಹ್ಯಾರಿಸ್ ಹಂಚಿಕೊಳ್ಳುತ್ತಾರೆ. ಒಬ್ಬೊಬ್ಬ ಒಂದೊಂದು ಮಗುವಿನ ಹಾಗೆ. ಒಬ್ಬನೇ ನಾಯಕನಿದ್ದ ತಂಡದಿಂದ ಈ ಹಾಡು ಆಗುತ್ತಿರಲಿಲ್ಲ. ರಫಿನ್ ಇದ್ದಿದ್ದರೆ ಈ ಹಾಡು ಅವನೊಬ್ಬನ ಅಳಲಾಗುತ್ತಿತ್ತು, ಐದು ಮಂದಿ ಅಣ್ಣತಮ್ಮಂದಿರದ್ದಾಗುತ್ತಿರಲಿಲ್ಲ.

ಮೂರು ಗ್ರ್ಯಾಮಿ ಈ ಹಾಡಿನ ಸುತ್ತ ಬಂದವು. ಆದರೆ 1989ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ತಂಡವನ್ನು ಸೇರಿಸಿದಾಗ ಹೆಸರಿಸಿದ್ದು ಆರು ಮಂದಿಯನ್ನು: ಕ್ಲಾಸಿಕ್ ಫೈವ್ ಮತ್ತು ಎಡ್ವರ್ಡ್ಸ್. ಸ್ಟ್ರೀಟ್ ಇಲ್ಲ, ಹ್ಯಾರಿಸ್ ಇಲ್ಲ. ಇಬ್ಬರೂ 2013ರ ಫೆಬ್ರುವರಿ ಒಂದೇ ತಿಂಗಳಲ್ಲಿ ತೀರಿಕೊಂಡರು. ಇದು ಅನ್ಯಾಯ, ಈ ಪ್ಲೇಟು ಕೇಳಿದ ಯಾರಾದರೂ ಹೇಳುತ್ತಾರೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ‘ಪಾಪಾ’ ಇರುವುದು ಮೊದಲ ಮಗ್ಗುಲಿನ ಮೂರನೆಯದಾಗಿ, ಕೊನೆಗೆ. ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಓಡುತ್ತದೆ. ಲೇಬಲ್ಲಿನ ಹತ್ತಿರ ಬಂದಾಗ 21ಕ್ಕೆ ಇಳಿದಿರುತ್ತದೆ. ಅಷ್ಟೇ ದನಿಯನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿರುತ್ತಾರೆ. ಸವೆದ ಮುಳ್ಳು ಇದ್ದರೆ, ಮುಳ್ಳು ವಾರೆಯಾಗಿ ಕೂತಿದ್ದರೆ, ಹಾಡಿನ ಕೊನೆಯ ಭಾಗದಲ್ಲಿ ‘ಸ’, ‘ಶ’ ಅಕ್ಷರಗಳೆಲ್ಲ ಉಗುಳಿನ ಹಾಗೆ ಸಿಡಿಯುತ್ತವೆ. ಹ್ಯಾರಿಸ್‌ನ ಮೇಲಿನ ದನಿ ಮೊದಲು ಹರಿಯುವುದು ಅಲ್ಲೇ. ಹಳೆಯ ಪ್ರತಿ ಕೊಳ್ಳುವಾಗ ಮೊದಲ ಹಾಡು ಕೇಳಿ ಒಪ್ಪಬೇಡಿ, ಮುಳ್ಳನ್ನು ನೇರ ‘ಪಾಪಾ’ದ ಕೊನೆಯ ಎರಡು ನಿಮಿಷಕ್ಕೆ ಇಟ್ಟು ಕೇಳಿ. ಅಲ್ಲಿ ಸ್ವಚ್ಛವಿದ್ದರೆ ಆ ಮಗ್ಗುಲಿನ ಉಳಿದದ್ದೂ ಸಾಮಾನ್ಯವಾಗಿ ಸ್ವಚ್ಛ. ಎರಡನೇ ಮಗ್ಗುಲು ಸಾಧಾರಣ, ಆದರೂ ನಾಲ್ಕೂವರೆ ಅಂಕಕ್ಕೆ ಕಮ್ಮಿ ಕೊಡಲು ಮನಸ್ಸಿಲ್ಲ.

‘ರಿಯೂನಿಯನ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಫಿನ್, ಕೆಂಡ್ರಿಕ್ಸ್ ಮರಳಿ ಬಂದು, ಎಡ್ವರ್ಡ್ಸ್, ಸ್ಟ್ರೀಟ್, ಗ್ಲೆನ್ ಲೆನರ್ಡ್, ಓಟಿಸ್, ಮೆಲ್ವಿನ್ ಸೇರಿ ಏಳು ಮಂದಿ. ರಿಕ್ ಜೇಮ್ಸ್ ಬರೆದು ಮಾಡಿಸಿದ ‘ಸ್ಟ್ಯಾಂಡಿಂಗ್ ಆನ್ ದಿ ಟಾಪ್’ ಒಂದು ಬಿಟ್ಟರೆ ಏಳು ಕೊರಳಿಗೆ ಬೇಕಾದ ಜಾಗ ಯಾವ ಹಾಡಿನಲ್ಲೂ ಇಲ್ಲ. ಮೂರು ಮಂದಿ ಮುಂದಿನವರು ಒಟ್ಟಿಗೆ ನಿಂತರೆ ಹಿಮ್ಮೇಳಕ್ಕೆ ಉಸಿರಾಡಲು ಜಾಗವಿರುವುದಿಲ್ಲ. ಎಲ್ಲರನ್ನೂ ಕೂಡಿಸಿದರೆ ಹಳೆಯದು ಮರಳುತ್ತದೆ ಅನ್ನುವವರಿಗೆ ಈ ಪ್ಲೇಟೇ ಉತ್ತರ. ಎರಡು ಅಂಕ.

ಈಗ ವಾದಕ್ಕೆ ಬರೋಣ. ರಫಿನ್ ಪಕ್ಷ, ಎಡ್ವರ್ಡ್ಸ್ ಪಕ್ಷ ಎರಡೂ ಮುಂದೆ ನಿಂತವನನ್ನೇ ತಂಡ ಅಂತ ತಿಳಿದಿವೆ. ನಾಲ್ಕು ಪ್ಲೇಟನ್ನೂ ಒಂದೇ ಸಂಜೆ ಸಾಲಾಗಿ ಕೇಳಿದರೆ ಬದಲಾಗದ ಒಂದು ಸಂಗತಿ ಎದ್ದು ಬರುತ್ತದೆ: ತಳದಲ್ಲಿ ಮೆಲ್ವಿನ್, ನಡುವೆ ಓಟಿಸ್. ಮೆಲ್ವಿನ್ 1995ರ ಫೆಬ್ರುವರಿಯಲ್ಲಿ ತೀರಿಕೊಳ್ಳುವವರೆಗೆ ಆ ತಳ ಕದಲಲಿಲ್ಲ. ಓಟಿಸ್ ಮುಂದೆ ನಿಂತು ಹಾಡಿದ್ದು ತೀರ ಅಪರೂಪ. ಹಿಮ್ಮೇಳದವರು ಹೋಗಿದ್ದರೆ ರಫಿನ್ ಇದ್ದೂ ತಂಡ ಉಳಿಯುತ್ತಿರಲಿಲ್ಲ. ಮುಂದಿನವರನ್ನು ಬದಲಿಸಿಯೂ ಉಳಿದದ್ದು ಹಿಮ್ಮೇಳ ಉಳಿದದ್ದರಿಂದ. ನನಗೆ ಟೆಂಪ್ಟೇಷನ್ಸ್ ಮುಗಿದದ್ದು 1968ರಲ್ಲಿ ಅಲ್ಲ, ಆ ಖರಜ ನಿಂತ 1995ರಲ್ಲಿ. ಇದನ್ನು ಒಪ್ಪದವರು ‘ಮೈ ಗರ್ಲ್’ ಹಾಡಿನ ಜೊತೆ ಬರೀ ಮಂದ್ರದ ಸ್ವರವನ್ನು ಗುನುಗುತ್ತಾ ಹೋಗಿ, ಆ ಸ್ವರ ಇಲ್ಲದೆ ಹಾಡು ಹೇಗೆ ತೇಲಿ ಹೋಗುತ್ತದೆ ಅಂತ ಊಹಿಸಿಕೊಳ್ಳಲಿ.

ಹೆಸರು ಓಟಿಸ್ ಕೈಯಲ್ಲೇ ಉಳಿಯಿತು. ಹಾಗಾಗಿ ಹೊರಗೆ ಹೋದವರು ಬೇರೆ ಹೆಸರಿನಲ್ಲಿ ಹಾಡಬೇಕಾಯಿತು. ಎಡ್ವರ್ಡ್ಸ್ ಕೊನೆಯ ವರ್ಷಗಳಲ್ಲಿ ‘ಟೆಂಪ್ಟೇಷನ್ಸ್ ರಿವ್ಯೂ’ ಅಂತ ಹಾಡುತ್ತಿದ್ದ. ಕಮ್ಮಿ ಬೆಲೆಯ ಸಿಡಿ ಮತ್ತು ಮೊಬೈಲಿನ ಸ್ಟ್ರೀಮಿಂಗ್ ಪಟ್ಟಿಗಳಲ್ಲಿ ಮೋಸ ಹೋಗುವುದು ಇಲ್ಲಿ. ಹಳೆಯ ಹಾಡುಗಳನ್ನೇ ದಶಕಗಳ ನಂತರ ಹೊಸದಾಗಿ ಹಾಡಿ ಮುದ್ರಿಸಿದ್ದನ್ನು ಹಳೆಯ ಫೋಟೊ ಹಾಕಿ ಮಾರುವುದುಂಟು. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ರೀ-ರೆಕಾರ್ಡೆಡ್’ ಅಂತ ಇದೆಯೇ ನೋಡಿ. ಹಾಡಿನ ಹೆಸರಿನ ಮುಂದೆ ಮುದ್ರಣದ ಇಸವಿ ಇಲ್ಲದಿದ್ದರೆ, ಗಾರ್ಡಿ, ಮೋಟೌನ್ ಅಥವಾ ಇಂಗ್ಲೆಂಡಿನ ಟಾಮ್ಲಾ ಮೋಟೌನ್ ಲೇಬಲ್ಲಿನ ಹೆಸರು ಎಲ್ಲೂ ಇಲ್ಲದಿದ್ದರೆ ಬಿಟ್ಟುಬಿಡಿ. ಮೊದಲ ಹತ್ತು ಸೆಕೆಂಡಿನಲ್ಲಿ ನಿಜವಾದ ಡ್ರಮ್ಮಿನ ಬದಲು ಯಂತ್ರದ ಡ್ರಮ್ಮು ಕೇಳಿದರೆ ಇನ್ನೂ ಬೇಗ ಬಿಡಬಹುದು.

ನಮ್ಮ ಊರಿನ ಮನೆಗಳಿಗೆ ಸಂಬಂಧಿಸಿದ ಎರಡು ಮಾತು. ಧಾರವಾಡದ ಹಳೆಯ ಮನೆಗಳಲ್ಲಿ 78ರ ಪ್ಲೇಟುಗಳೂ ಎರಡು ಮುಳ್ಳಿನ ಹಳೆಯ ಪ್ಲೇಯರುಗಳೂ ಇನ್ನೂ ಇವೆ. 78ಕ್ಕೆ ಬೇಕಾದ ಮುಳ್ಳಿನ ತುದಿ ಸುಮಾರು 75 ಮೈಕ್ರಾನ್, ಎಲ್‌ಪಿಗೆ ಸುಮಾರು 18. ಸಣ್ಣ ತಿರುಗುಣಿಯನ್ನು ಎಲ್‌ಪಿ ಕಡೆ ತಿರುಗಿಸುವುದನ್ನು ಮರೆತು ದಪ್ಪ ಮುಳ್ಳು ಇಟ್ಟರೆ ಒಂದೇ ಸಲಕ್ಕೆ ಗೀರು ಕೆಡುತ್ತದೆ. ಇನ್ನೊಂದು ತೊಳೆಯುವ ವಿಷಯ. ಕೊಳವೆ ಬಾವಿಯ ಗಡಸು ನೀರು ಬೇಡ, ಒಣಗಿದ ಮೇಲೆ ಸುಣ್ಣದ ಪುಡಿ ಗೀರಿನಲ್ಲೇ ಉಳಿದು ಚಟಪಟ ಸದ್ದು ಹೆಚ್ಚುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಾಲ್ಕು ಪಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ಮೃದು ಬಟ್ಟೆ, ಗೀರಿನ ದಿಕ್ಕಿನಲ್ಲೇ ಒರೆಸುವುದು, ಲೇಬಲ್ಲಿಗೆ ತಾಗಿಸದಿರುವುದು. ಇದು ಎಲ್‌ಪಿಗೆ ಮಾತ್ರ. ಇದೇ ನೀರನ್ನು 78ರ ಅರಗಿನ ಪ್ಲೇಟಿಗೆ ಹಾಕಿದರೆ ಆಲ್ಕೋಹಾಲು ಅರಗನ್ನೇ ಕರಗಿಸುತ್ತದೆ, ಮನೆಯ ಹಿರಿಯರ ಪ್ಲೇಟು ಹಾಳಾಗುತ್ತದೆ.

ಗದಗ, ನವಲಗುಂದದ ಕಡೆ ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು ಬೇರೆ. ಧಾರವಾಡದಲ್ಲಿ ಜೂನಿನಿಂದ ಕವರಿಗೆ ಬೂಷ್ಟು. ಎಲ್‌ಪಿಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಡಿ.

ಒಂದೇ ಕೊಳ್ಳುವ ಶಕ್ತಿ ಇದ್ದವರು 1966ರದ್ದನ್ನು ತೆಗೆದುಕೊಳ್ಳಿ. ಎರಡು ಕೊಳ್ಳುವವರು 1972ರದ್ದನ್ನೂ ಸೇರಿಸಿ, ‘ಮೈ ಗರ್ಲ್’ ಮುಗಿದ ಕೂಡಲೇ ‘ಪಾಪಾ’ ಹಚ್ಚಿ. ಮುಂದೆ ಹಾಡುವವನ ಕೊರಳು ಬೇರೆ. ಮೆಲ್ವಿನ್ ಮಾತ್ರ ಅಲ್ಲೇ, ಕೆಳಗೆ, ಅದೇ ಜಾಗದಲ್ಲಿ ಕೂತಿದ್ದಾನೆ.